ಕಿಡ್ನಿ ಗಡ್ಡೆ ತೆಗೆದ ಮೇಲೆ: ಕ್ಯಾನ್ಸರ್ ಮತ್ತೆ ಬರುತ್ತದಾ ಅಂತ ರಕ್ತ ಹೇಳಬಲ್ಲದೇ?

ಆಪರೇಷನ್ ಆಗಿ ಕೆಲವು ದಿನಕ್ಕೆ ಪೆಥಾಲಜಿ ರಿಪೋರ್ಟ್ ಕೈಗೆ ಬರುತ್ತದೆ. ಗಡ್ಡೆ ಇಷ್ಟು ಸೆಂಟಿಮೀಟರ್, ಗ್ರೇಡ್ ಇಷ್ಟು, ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳಿಲ್ಲ. ಆ ಕೊನೆಯ ಸಾಲು ಓದಿ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿಗೆ ಡಾಕ್ಟರ್ ಮುಂದಿನ ಸ್ಕ್ಯಾನಿಗೆ ತಾರೀಖು ಬರೆದುಕೊಡುತ್ತಾರೆ. ಎಲ್ಲಾ ತೆಗೆದಾಯ್ತು ಅಂದ ಮೇಲೆ ಸ್ಕ್ಯಾನ್ ಯಾಕೆ?

ಯಾಕೆಂದರೆ ಅಂಚು ಶುಚಿಯಾಗಿದೆ ಎಂಬ ಮಾತು ಕಿಡ್ನಿಯ ಬಗ್ಗೆ ಮಾತ್ರ. ಇಡೀ ದೇಹದ ಬಗ್ಗೆ ಅಲ್ಲ. ಆಪರೇಷನ್ ಟೇಬಲ್ ಹತ್ತುವ ಮೊದಲೇ ಗಡ್ಡೆಯಿಂದ ಒಂದಷ್ಟು ಕೋಶಗಳು ರಕ್ತದಲ್ಲಿ ಕೊಚ್ಚಿಕೊಂಡು ಹೋಗಿ ಶ್ವಾಸಕೋಶದಲ್ಲೋ ಮೂಳೆಯಲ್ಲೋ ಕುಳಿತಿರಬಹುದು. ಸಿಟಿ ಸ್ಕ್ಯಾನಿಗೆ ಒಂದು ಗಂಟು ಕಾಣಬೇಕಾದರೆ ಅದು ಕೆಲವು ಮಿಲಿಮೀಟರ್ ಆದರೂ ಬೆಳೆದಿರಬೇಕು. ಅಷ್ಟರೊಳಗೆ ಅಲ್ಲಿ ಕೋಟಿಗಟ್ಟಲೆ ಕೋಶಗಳು ಆಗಿರುತ್ತವೆ. ಅದಕ್ಕಿಂತ ಚಿಕ್ಕದು ಯಾವುದೂ ಸ್ಕ್ಯಾನಿನ ಕಣ್ಣಿಗೆ ಬೀಳುವುದಿಲ್ಲ.

ಈ ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ. ಕ್ಯಾನ್ಸರ್ 'ಮತ್ತೆ ಬಂತು' ಅಂತ ನಾವು ಹೇಳುತ್ತೇವೆ, ಆದರೆ ಬಹಳ ಸಲ ಅದು ಹೋಗಿರುವುದೇ ಇಲ್ಲ. ಕಾಣದಷ್ಟು ಚಿಕ್ಕದಾಗಿ ಉಳಿದಿರುತ್ತದೆ. ಆ ಕಾಣದ ಉಳಿಕೆಯನ್ನು ಬೇರೆ ಯಾವುದಾದರೂ ಗುರುತಿನಿಂದ ಹಿಡಿಯುವುದಕ್ಕೆ ಆಗುತ್ತದಾ? ಬಯೋಮಾರ್ಕರ್ ಹುಡುಕಾಟದ ಹಿಂದಿರುವುದು ಇದೇ ಪ್ರಶ್ನೆ. ರಕ್ತದಲ್ಲಿ, ಮೂತ್ರದಲ್ಲಿ, ಅಥವಾ ತೆಗೆದಿಟ್ಟ ಗಡ್ಡೆಯ ತುಣುಕಿನಲ್ಲಿ ಅಳೆಯಬಹುದಾದ, ಕಾಯಿಲೆಯ ಬಗ್ಗೆ ಏನಾದರೂ ಹೇಳುವ ಯಾವುದೇ ಗುರುತು ಬಯೋಮಾರ್ಕರ್. ಪ್ರಾಸ್ಟೇಟ್ ಕ್ಯಾನ್ಸರಿಗೆ ಪಿಎಸ್ಎ ಇದೆ. ಆಪರೇಷನ್ ಆದ ಮೇಲೆ ಅದು ಏರಿದರೆ ಎಲ್ಲೋ ಏನೋ ಉಳಿದಿದೆ ಅಂತ ತಿಳಿಯುತ್ತದೆ. ಕಿಡ್ನಿ ಕ್ಯಾನ್ಸರಿಗೆ ಅಂಥದ್ದೊಂದು ರಕ್ತಪರೀಕ್ಷೆ ಇಷ್ಟು ವರ್ಷ ಸಿಕ್ಕಿರಲಿಲ್ಲ.

ಹಾಗಾದರೆ ಇಷ್ಟು ದಿನ ಡಾಕ್ಟರುಗಳು ಅಪಾಯವನ್ನು ಅಂದಾಜು ಮಾಡುತ್ತಿದ್ದದ್ದು ಹೇಗೆ? ಅದೇ ಪೆಥಾಲಜಿ ರಿಪೋರ್ಟ್ ನೋಡಿ. ಅದಕ್ಕೊಂದು ಲೆಕ್ಕಾಚಾರವೇ ಇದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 1671 ರೋಗಿಗಳ ದಾಖಲೆ ನೋಡಿ 2003ರಲ್ಲಿ ಪ್ರಕಟಿಸಿದ ಲೀಬೋವಿಚ್ ಸ್ಕೋರ್ ಅದರಲ್ಲಿ ಹೆಸರುವಾಸಿ. ಕಿಡ್ನಿ ಕ್ಯಾನ್ಸರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ 'ಕ್ಲಿಯರ್ ಸೆಲ್' ಬಗೆಗೆ ಇದು ಅನ್ವಯಿಸುತ್ತದೆ. ಒಂದು ಸಲ ನಾವೇ ಲೆಕ್ಕ ಹಾಕಿ ನೋಡೋಣ.

ಒಬ್ಬರ ಗಡ್ಡೆ 8 ಸೆಂಟಿಮೀಟರ್, ಕಿಡ್ನಿಯೊಳಗೇ ಇದೆ ಅಂತಿಟ್ಟುಕೊಳ್ಳಿ. ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹಬ್ಬಿದೆ ಅಂತ ಹೇಳುವ 'ಟಿ' ಅಳತೆಯಲ್ಲಿ ಇದು ಟಿ2 ಹಂತ: 3 ಅಂಕ. ದುಗ್ಧಗ್ರಂಥಿಗಳಿಗೆ ಹರಡಿಲ್ಲ: ಸೊನ್ನೆ. ಗಾತ್ರ 10 ಸೆಂಟಿಮೀಟರ್ ಮುಟ್ಟಿಲ್ಲ: ಸೊನ್ನೆ. ಗ್ರೇಡ್ 3, ಅಂದರೆ ಮೈಕ್ರೋಸ್ಕೋಪಿನಲ್ಲಿ ಕೋಶಗಳು ಸಾಕಷ್ಟು ವಿಕಾರವಾಗಿ ಕಾಣುತ್ತಿವೆ: 1 ಅಂಕ. ಗಡ್ಡೆಯ ಒಳಗೆ ಸತ್ತುಹೋದ ಭಾಗವೂ ಇದೆ: ಇನ್ನೊಂದು ಅಂಕ. ಒಟ್ಟು 5. ಈ ಸ್ಕೋರಿನಲ್ಲಿ 0ರಿಂದ 2 ಕಡಿಮೆ ಅಪಾಯ, 3ರಿಂದ 5 ಮಧ್ಯಮ, 6 ಅಥವಾ ಮೇಲೆ ಹೆಚ್ಚು. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ದೂರದ ಅಂಗಕ್ಕೆ ಹರಡದೆ ಇದ್ದವರು ಕಡಿಮೆ ಅಪಾಯದ ಗುಂಪಿನಲ್ಲಿ ನೂರಕ್ಕೆ 97, ಮಧ್ಯಮ ಗುಂಪಿನಲ್ಲಿ ಸುಮಾರು 74, ಹೆಚ್ಚು ಅಪಾಯದ ಗುಂಪಿನಲ್ಲಿ 31.

ಎರಡು ತುದಿಗಳು ಸ್ಪಷ್ಟವಾಗಿವೆ, ಅಲ್ವಾ? ತೊಂದರೆ ನಡುವಿನವರದು. ನೂರರಲ್ಲಿ 74 ಜನ ಚೆನ್ನಾಗಿರುತ್ತಾರೆ, 26 ಜನರಿಗೆ ಹರಡುತ್ತದೆ ಎಂದು ಸ್ಕೋರ್ ಹೇಳುತ್ತದೆ. ನಮ್ಮ 5 ಅಂಕದ ವ್ಯಕ್ತಿ ಯಾವ ಗುಂಪಿನಲ್ಲಿದ್ದಾರೆ ಅಂತ ಹೇಳುವುದಿಲ್ಲ. ಅದು ಗುಂಪಿನ ಭವಿಷ್ಯ, ಒಬ್ಬರ ಜಾತಕ ಅಲ್ಲ. ಗಡ್ಡೆ ಹೇಗೆ ಕಾಣುತ್ತಿತ್ತು ಎಂಬುದರ ಮೇಲೆ ಕಟ್ಟಿದ ಅಂದಾಜು ಅಷ್ಟೇ. ಈಗ ದೇಹದೊಳಗೆ ಏನು ಉಳಿದಿದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಇಷ್ಟು ನಿಖರವಾಗಿ ತಿಳಿದು ಏನಾಗಬೇಕು?

ಹತ್ತು ಹದಿನೈದು ವರ್ಷದ ಹಿಂದೆ ಈ ಪ್ರಶ್ನೆಗೆ ಬಲವಾದ ಉತ್ತರ ಇರಲಿಲ್ಲ. ಆಪರೇಷನ್ ಆದ ಮೇಲೆ ಕೊಟ್ಟು ಜೀವ ಉಳಿಸುವ ಔಷಧವೇ ಇರಲಿಲ್ಲ. ಅಪಾಯ ಜಾಸ್ತಿ ಅಂತ ಗೊತ್ತಾದರೂ ಮಾಡುವುದಕ್ಕೆ ಇದ್ದದ್ದು ಸ್ಕ್ಯಾನ್ ಮಾಡುತ್ತಾ ಕಾಯುವುದು ಮಾತ್ರ. ಈಗ ಪರಿಸ್ಥಿತಿ ಬದಲಾಗಿದೆ. ನಮ್ಮದೇ ರೋಗನಿರೋಧಕ ಕೋಶಗಳಿಗೆ ಹಾಕಿದ ತಡೆಯನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಕೀನೋಟ್-564 ಎಂಬ ಪ್ರಯೋಗದಲ್ಲಿ 994 ಜನರ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಹುಸಿ ಡ್ರಿಪ್. ಮೂರು ವಾರಕ್ಕೊಮ್ಮೆ, ಸುಮಾರು ಒಂದು ವರ್ಷ. ಎಲ್ಲರೂ ಕ್ಲಿಯರ್ ಸೆಲ್ ಬಗೆಯವರು, ಮರುಕಳಿಸುವ ಅಪಾಯ ಹೆಚ್ಚಿದ್ದವರು.

ಎರಡು ವರ್ಷದ ಲೆಕ್ಕ ನೋಡಿ. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 68 ಜನರಲ್ಲಿ ಕಾಯಿಲೆ ಮರುಕಳಿಸಿರಲಿಲ್ಲ. ಔಷಧ ಪಡೆದವರಲ್ಲಿ 77. ಇದು ನಿಜವಾದ ಲಾಭ. 2024ರಲ್ಲಿ ಬಂದ ಮುಂದಿನ ವರದಿಯಲ್ಲಿ ಬದುಕುಳಿದವರ ಸಂಖ್ಯೆಯೂ ಹೆಚ್ಚಾಗಿತ್ತು: ನಾಲ್ಕು ವರ್ಷದ ಹೊತ್ತಿಗೆ 91, ಔಷಧವಿಲ್ಲದವರಲ್ಲಿ 86. ಕಿಡ್ನಿ ಕ್ಯಾನ್ಸರಿನಲ್ಲಿ ಆಪರೇಷನ್ ನಂತರದ ಔಷಧವೊಂದು ಆಯುಸ್ಸು ಹೆಚ್ಚಿಸಿದ್ದು ಅದೇ ಮೊದಲು.

ಈಗ ಅದೇ ಅಂಕಿಗಳನ್ನು ತಿರುಗಿಸಿ ಓದಿ. ನೂರು ಜನರಿಗೆ ಔಷಧ ಕೊಟ್ಟೆವು. ಅವರಲ್ಲಿ 68 ಜನ ಅದಿಲ್ಲದೆಯೂ ಆ ಎರಡು ವರ್ಷ ಚೆನ್ನಾಗಿಯೇ ಇರುತ್ತಿದ್ದರು. 23 ಜನರಿಗೆ ಔಷಧ ಕೊಟ್ಟರೂ ಪ್ರಯೋಜನ ಆಗಲಿಲ್ಲ. ಕೈ ಹಿಡಿದದ್ದು ನಡುವಿನ 9 ಜನರನ್ನು. ಆದರೆ ಡ್ರಿಪ್ ಹಾಕಿಸಿಕೊಂಡದ್ದು ನೂರಕ್ಕೆ ನೂರು ಜನ. ಸುಮಾರು ಐವರಲ್ಲಿ ಒಬ್ಬರಿಗೆ ಥೈರಾಯ್ಡ್ ಮಂದವಾಯಿತು. ಅಂಥವರಲ್ಲಿ ಹಲವರು ಜೀವನಪೂರ್ತಿ ದಿನವೂ ಮಾತ್ರೆ ನುಂಗಬೇಕಾಗುತ್ತದೆ. ಔಷಧದಿಂದಲೇ ಗಂಭೀರ ತೊಂದರೆ ಆದವರೂ ನೂರಕ್ಕೆ 18-19 ಜನ ಇದ್ದರು.

ಆ 68, 9, 23 ಜನ ಯಾರ್ಯಾರು ಅಂತ ಮೊದಲೇ ಗುರುತಿಸಲು ಸಾಧ್ಯವಾದರೆ? ಸುಮ್ನೆ ಔಷಧ ಪಡೆಯುವವರಿಗೆ ಒಂದು ವರ್ಷದ ಡ್ರಿಪ್ ಉಳಿಯುತ್ತದೆ. ಔಷಧ ತಾಗದವರಿಗೆ ಬೇರೆ ದಾರಿ ಹುಡುಕಬಹುದು. ಬಯೋಮಾರ್ಕರಿನ ಬೆಲೆ ಇರುವುದು ಇಲ್ಲಿ. ಭವಿಷ್ಯ ಹೇಳುವುದರಲ್ಲಷ್ಟೇ ಅಲ್ಲ, ಮುಂದಿನ ತೀರ್ಮಾನ ಬದಲಾಯಿಸುವುದರಲ್ಲಿ.

ಕಿಮ್-1 ಎಂಬ ಪ್ರೋಟೀನ್

ಸದ್ಯಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಹುಟ್ಟಿಸಿರುವುದು ಕಿಮ್-1. ಇದರ ಕಥೆ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಕಿಡ್ನಿಯಲ್ಲಿ ರಕ್ತ ಸೋಸಿದ ಮೇಲೆ ಆ ನೀರು ಸಣ್ಣ ನಳಿಕೆಗಳಲ್ಲಿ ಹರಿಯುತ್ತದೆ. ನಳಿಕೆಯ ಮೊದಲ ಭಾಗದ ಕೋಶಗಳು ದೇಹಕ್ಕೆ ಬೇಕಾದ ಸಕ್ಕರೆ, ಉಪ್ಪು, ನೀರನ್ನು ವಾಪಸ್ ಹೀರಿಕೊಳ್ಳುತ್ತವೆ. ಆರೋಗ್ಯವಾಗಿರುವಾಗ ಈ ಕೋಶಗಳಲ್ಲಿ ಕಿಮ್-1 ಹೆಚ್ಚುಕಡಿಮೆ ಇರುವುದೇ ಇಲ್ಲ. ಕಿಡ್ನಿಗೆ ಏಟು ಬಿದ್ದಾಗ, ಅಂದರೆ ರಕ್ತ ಸಾಲದೆ ಹೋದಾಗ ಅಥವಾ ವಿಷ ಸೇರಿದಾಗ, ಬದುಕುಳಿದ ಕೋಶಗಳು ತಮ್ಮ ಮೈಮೇಲೆ ಈ ಪ್ರೋಟೀನನ್ನು ಹೊರಡಿಸುತ್ತವೆ. ಅದನ್ನು ಕೈಯಂತೆ ಬಳಸಿ ಪಕ್ಕದಲ್ಲಿ ಸತ್ತುಬಿದ್ದ ಕೋಶಗಳನ್ನು ಹಿಡಿದು ನುಂಗಿ ಜಾಗ ಶುಚಿ ಮಾಡುತ್ತವೆ. ಗಾಯ ಮಾಗಿದ ಮೇಲೆ ಕಿಮ್-1 ಮತ್ತೆ ಇಳಿಯುತ್ತದೆ. ಇಂಗ್ಲಿಷಿನ ಪೂರ್ತಿ ಹೆಸರಿನ ಅರ್ಥವೂ 'ಕಿಡ್ನಿ ಗಾಯದ ಅಣು' ಅಂತಲೇ.

ಕ್ಲಿಯರ್ ಸೆಲ್ ಕ್ಯಾನ್ಸರ್ ಹುಟ್ಟುವುದು ಇದೇ ನಳಿಕೆಯ ಇದೇ ಕೋಶಗಳಿಂದ. ಪ್ಯಾಪಿಲರಿ ಎಂಬ ಇನ್ನೊಂದು ಬಗೆಯೂ ಹಾಗೆಯೇ. ಕ್ಯಾನ್ಸರ್ ಆದ ಕೋಶದಲ್ಲಿ ಕಿಮ್-1 ಒಮ್ಮೆ ಹೊರಟರೆ ಇಳಿಯುವುದಿಲ್ಲ, ಸದಾ ಇರುತ್ತದೆ. ಅದರ ಹೊರಚಾಚಿದ ತುದಿ ಕತ್ತರಿಸಿಕೊಂಡು ಮೂತ್ರಕ್ಕೂ ರಕ್ತಕ್ಕೂ ಸೇರುತ್ತಲೇ ಇರುತ್ತದೆ. ಗಡ್ಡೆ ಇದ್ದರೆ ರಕ್ತದಲ್ಲಿ ಕಿಮ್-1 ಜಾಸ್ತಿ, ಗಡ್ಡೆ ತೆಗೆದರೆ ಕಡಿಮೆ. ಯುರೋಪಿನ ಎಪಿಕ್ ಎಂಬ ದೊಡ್ಡ ಅಧ್ಯಯನದಲ್ಲಿ ಜನರಿಂದ ಹಿಂದೆಯೇ ತೆಗೆದಿಟ್ಟ ರಕ್ತವನ್ನು ಪರೀಕ್ಷಿಸಿದಾಗ, ಕಿಡ್ನಿ ಕ್ಯಾನ್ಸರ್ ಪತ್ತೆಯಾಗುವ ಐದು ವರ್ಷ ಮೊದಲೇ ಕೆಲವರಲ್ಲಿ ಕಿಮ್-1 ಏರಿದ್ದು ಕಂಡಿತು. 2018ರಲ್ಲಿ ಇದು ಪ್ರಕಟವಾಯಿತು.

ಹಾಗಾದರೆ ಆಪರೇಷನ್ ಆದ ಮೇಲೂ ಅದು ಇಳಿಯದಿದ್ದರೆ? ಗಡ್ಡೆ ಹೋಗಿದೆ, ಆದರೂ ರಕ್ತಕ್ಕೆ ಯಾರೋ ಕಿಮ್-1 ಸುರಿಯುತ್ತಿದ್ದಾರೆ. ಎಲ್ಲೋ ಉಳಿದ ಕ್ಯಾನ್ಸರ್ ಕೋಶಗಳೇ ಇರಬಹುದು. ಈ ಊಹೆಯನ್ನು ಪರೀಕ್ಷಿಸಲು ಹಳೆಯ ಔಷಧ ಪ್ರಯೋಗಗಳಲ್ಲಿ ತೆಗೆದಿಟ್ಟ ರಕ್ತ ಉಪಯೋಗಕ್ಕೆ ಬಂತು. ಅಶ್ಯೂರ್ ಎಂಬ ಪ್ರಯೋಗದ ರೋಗಿಗಳಲ್ಲಿ ಆಪರೇಷನ್ ಆದ ಮೇಲೆ ಕಿಮ್-1 ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ಬೇಗ ಮರುಕಳಿಸಿತ್ತು.

ಇನ್ನೂ ಮುಖ್ಯವಾದದ್ದು ಇಮೋಷನ್-010 ಪ್ರಯೋಗ. 778 ಜನರಲ್ಲಿ ಅಟೆಜೊಲಿಜುಮ್ಯಾಬ್ ಎಂಬ ಇನ್ನೊಂದು ಇಮ್ಯುನೋಥೆರಪಿ ಔಷಧವನ್ನು ಆಪರೇಷನ್ ನಂತರ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂದಾಗ ಔಷಧದಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಪ್ರಯೋಗ ಸೋತಿತು ಅಂತಲೇ ಲೆಕ್ಕ. ಆಮೇಲೆ ಅದೇ ರೋಗಿಗಳ ರಕ್ತದಲ್ಲಿ, ಔಷಧ ಶುರು ಮಾಡುವ ಮೊದಲು ತೆಗೆದದ್ದರಲ್ಲಿ, ಕಿಮ್-1 ಅಳೆದರು. ಒಂದು ಮಿಲಿಲೀಟರಿಗೆ 86 ಪಿಕೋಗ್ರಾಂ ಗಡಿ. ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಪಿಕೋಗ್ರಾಂ. ಅಷ್ಟು ಸೂಕ್ಷ್ಮ ಅಳತೆ ಇದು. ಗಡಿಗಿಂತ ಕೆಳಗಿದ್ದವರಲ್ಲಿ ಔಷಧದಿಂದ ವ್ಯತ್ಯಾಸವೇ ಕಾಣಲಿಲ್ಲ. ಮೇಲಿದ್ದವರಿಗೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚಿತ್ತು, ಆದರೆ ಔಷಧ ಪಡೆದವರಲ್ಲಿ ಆ ಅಪಾಯ ಸುಮಾರು ಶೇಕಡಾ 28ರಷ್ಟು ತಗ್ಗಿತ್ತು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಇವನ್ನು ಬೆರೆಸಬಾರದು. ಕಾಯಿಲೆ ಮುಂದೆ ಹೇಗೆ ಹೋಗುತ್ತದೆ ಅಂತ ಹೇಳುವ ಗುರುತು ಒಂದು. ಈ ಔಷಧ ಈ ಮನುಷ್ಯನಿಗೆ ತಾಗುತ್ತದಾ ಅಂತ ಹೇಳುವ ಗುರುತು ಇನ್ನೊಂದು. ಮೊದಲನೆಯದು ಬೇಕಾದಷ್ಟು ಸಿಗುತ್ತದೆ. ಎರಡನೆಯದು ಅಪರೂಪ. ಕಿಮ್-1 ಎರಡೂ ಆಗಬಹುದು ಎಂಬ ಸುಳಿವು ಸಿಕ್ಕಿರುವುದರಿಂದಲೇ ಸಂಶೋಧಕರು ಇದರ ಬೆನ್ನು ಬಿದ್ದಿದ್ದಾರೆ.

ಸುಳಿವು ಅಂತಲೇ ಹೇಳುತ್ತಿದ್ದೇನೆ, ಸಾಬೀತಾಯಿತು ಅಂತ ಅಲ್ಲ. ಪ್ರಯೋಗ ಮುಗಿದ ಮೇಲೆ ಹಿಂದಕ್ಕೆ ಹೋಗಿ ಮಾಡಿದ ಲೆಕ್ಕ ಅದು. ಮೊದಲೇ ಕಿಮ್-1 ಅಳೆದು, ಅದರ ಪ್ರಕಾರವೇ ಯಾರಿಗೆ ಔಷಧ ಎಂದು ತೀರ್ಮಾನಿಸಿ, ಫಲಿತಾಂಶ ನೋಡುವ ಪ್ರಯೋಗ ಆಗಬೇಕು. ಇನ್ನೊಂದು ತೊಡಕೂ ಇದೆ. ಕಿಮ್-1 ಮೂಲತಃ ಗಾಯದ ಗುರುತು. ಆಪರೇಷನ್ ಆದವರಿಗೆ ಉಳಿದಿರುವುದು ಒಂದೇ ಕಿಡ್ನಿ, ಅಥವಾ ಒಂದೂವರೆ. ಸಕ್ಕರೆ ಕಾಯಿಲೆಯಿಂದ ಅದಕ್ಕೆ ಪೆಟ್ಟಾಗಿದ್ದರೆ, ಯಾವುದೋ ಔಷಧದಿಂದ ತೊಂದರೆಯಾಗಿದ್ದರೆ, ಆಗಲೂ ಕಿಮ್-1 ಏರುತ್ತದೆ. ಏರಿದ ಅಂಕಿ ನೋಡಿದ ಕೂಡಲೇ ಕ್ಯಾನ್ಸರ್ ಅಂದುಕೊಂಡರೆ ತಪ್ಪಾಗುತ್ತದೆ. ಮತ್ತೆ, ಕ್ರೋಮೋಫೋಬ್ ಎಂಬ ಬಗೆ ನಳಿಕೆಯ ಬೇರೆ ಭಾಗದಿಂದ ಹುಟ್ಟುತ್ತದೆ. ಅಲ್ಲಿ ಈ ಗುರುತು ಕೆಲಸಕ್ಕೆ ಬರುವುದಿಲ್ಲ.

ಗಡ್ಡೆಯ ಜೀನುಗಳು ಏನು ಹೇಳುತ್ತವೆ?

ಜೀನ್ ಪರೀಕ್ಷೆ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಕಿಡ್ನಿ ಕ್ಯಾನ್ಸರಿನ ಮಟ್ಟಿಗೆ ಅದು ಅಷ್ಟು ಸರಳವಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ವಿಎಚ್ಎಲ್ ಜೀನ್. 3ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿದೆ. ದೇಹದಲ್ಲಿ ಆಮ್ಲಜನಕ ಕಡಿಮೆಯಾದಾಗ ಹೊಸ ರಕ್ತನಾಳ ಬೆಳೆಸುವ ಸಂದೇಶ ಹೊರಡುತ್ತದಲ್ಲ, ಅದನ್ನು ಬೇಡದಾಗ ನಿಲ್ಲಿಸುವುದು ಇದರ ಕೆಲಸ. ಇದು ಕೆಟ್ಟರೆ ಆಮ್ಲಜನಕ ಬೇಕಾದಷ್ಟಿದ್ದರೂ ಸಂದೇಶ ಹೋಗುತ್ತಲೇ ಇರುತ್ತದೆ, ರಕ್ತನಾಳಗಳು ಬೆಳೆಯುತ್ತಲೇ ಇರುತ್ತವೆ. ಕೋಶಗಳು ಆಮ್ಲಜನಕವನ್ನು ಗ್ರಹಿಸುವ ಈ ಬಗೆಯನ್ನು ಬಿಡಿಸಿದ್ದಕ್ಕೇ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂದದ್ದು.

ಕಾಯಿಲೆಗೆ ಇಷ್ಟು ಮುಖ್ಯವಾದ ಜೀನು ಮರುಕಳಿಸುವುದನ್ನೂ ಹೇಳಬೇಕಲ್ಲವೇ? ಹೇಳುವುದಿಲ್ಲ. ಕಾರಣ ಸರಳ. ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ಹತ್ತರಲ್ಲಿ ಒಂಬತ್ತರಲ್ಲಿ ಆ ಗಿಡ್ಡ ತೋಳು ಕಳೆದುಹೋಗಿರುತ್ತದೆ. ಎಲ್ಲರ ಮನೆಯ ಬಾಗಿಲೂ ಒಂದೇ ಬಣ್ಣ ಇದ್ದರೆ ಬಣ್ಣ ನೋಡಿ ಮನೆ ಗುರುತಿಸುವುದು ಹೇಗೆ? ಗುರುತಾಗಬೇಕಾದರೆ ವ್ಯತ್ಯಾಸ ಬೇಕು. ಅದಲ್ಲದೆ ಈ ತೋಳು ಕಳೆದುಹೋಗುವುದು ಬಹಳ ಮೊದಲು. ಹಲವರಲ್ಲಿ ಬಾಲ್ಯದಲ್ಲೋ ಹದಿಹರೆಯದಲ್ಲೋ ಕೆಲವೇ ಕೋಶಗಳಲ್ಲಿ ಅದು ನಡೆದಿರುತ್ತದೆ ಅಂತ 2018ರ ಸಂಶೋಧನೆಯೊಂದು ಅಂದಾಜಿಸಿತು. ಗಡ್ಡೆ ಕಾಣಿಸಿಕೊಳ್ಳುವುದು ದಶಕಗಳ ನಂತರ.

ವ್ಯತ್ಯಾಸ ತೋರಿಸುವ ಜೀನುಗಳೂ ಇವೆ. ಬ್ಯಾಪ್-1 ಕೆಟ್ಟಿದ್ದರೆ ಕಾಯಿಲೆ ಉಗ್ರವಾಗಿರುವ ಸಾಧ್ಯತೆ ಜಾಸ್ತಿ. 9ನೇ ಕ್ರೋಮೋಸೋಮಿನ ಗಿಡ್ಡ ತೋಳು ಕಳೆದುಹೋದ ಗಡ್ಡೆಗಳು ಹರಡುವುದು ಹೆಚ್ಚು ಅಂತ ಬ್ರಿಟನ್ನಿನ ಟ್ರೇಸರ್ಎಕ್ಸ್ ಅಧ್ಯಯನ ತೋರಿಸಿತು. ಆದರೆ ಇನ್ನೊಂದು ಸಮಸ್ಯೆ ಎದುರಾಗುತ್ತದೆ. 2012ರಲ್ಲಿ ಲಂಡನ್ನಿನ ಸಂಶೋಧಕರು ಒಂದೇ ಗಡ್ಡೆಯ ಹಲವು ಜಾಗಗಳಿಂದ ತುಣುಕು ತೆಗೆದು ಜೀನುಗಳನ್ನು ಓದಿದರು. ಅಲ್ಲಿ ಕಂಡ ಬದಲಾವಣೆಗಳಲ್ಲಿ ಶೇಕಡಾ 63ರಿಂದ 69 ಎಲ್ಲಾ ತುಣುಕುಗಳಲ್ಲೂ ಇರಲಿಲ್ಲ. ಎಡಬದಿಯಲ್ಲಿ ಒಂದು ಬಗೆ, ಬಲಬದಿಯಲ್ಲಿ ಇನ್ನೊಂದು ಬಗೆ. ಒಂದು ಅಗುಳು ಹಿಸುಕಿ ನೋಡಿ ಅನ್ನ ಬೆಂದಿದೆ ಅಂತ ಹೇಳುವ ಹಾಗೆ ಇಲ್ಲಿ ಆಗುವುದಿಲ್ಲ. ಹರಡಬಲ್ಲ ಕೆಟ್ಟ ಕೋಶಗಳು ನಾವು ಪರೀಕ್ಷೆಗೆ ತೆಗೆಯದ ಮೂಲೆಯಲ್ಲೇ ಇರಬಹುದು.

ಒಂದೊಂದೇ ಜೀನಿನ ಬದಲು ಹಲವು ಜೀನುಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆಯುವ ಪರೀಕ್ಷೆಗಳೂ ಬಂದಿವೆ. 2015ರಲ್ಲಿ ಪ್ರಕಟವಾದ 16 ಜೀನುಗಳ ಸ್ಕೋರ್ ಅಂಥದ್ದು. 11 ಜೀನುಗಳು ಕ್ಯಾನ್ಸರಿಗೆ ಸಂಬಂಧಿಸಿದವು, 5 ಹೋಲಿಕೆಗೆ. ರಿಪೋರ್ಟಿನಲ್ಲಿ ಒಂದೇ ಹಂತ ಅಂತ ಬರೆದಿರುವವರ ನಡುವೆಯೂ ಅಪಾಯ ಬೇರೆ ಬೇರೆ ಇರುವುದನ್ನು ಅದು ತೋರಿಸಿತು. ಒಳ್ಳೆಯ ಕೆಲಸ. ಆದರೂ ಯಾರಿಗೆ ಔಷಧ ಕೊಡಬೇಕು ಅಂತ ತೀರ್ಮಾನಿಸಲು ದಿನನಿತ್ಯದ ಚಿಕಿತ್ಸೆಯಲ್ಲಿ ಅದು ನೆಲೆಯೂರಲಿಲ್ಲ.

ರಕ್ತದಲ್ಲಿ ತೇಲುವ ಕ್ಯಾನ್ಸರಿನ ಡಿಎನ್ಎ ತುಣುಕು ಹಿಡಿಯುವ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು. ಕರುಳಿನ ಕ್ಯಾನ್ಸರಿನಲ್ಲಿ ಅದು ಸಾಕಷ್ಟು ಮುಂದೆ ಹೋಗಿದೆ. ಕಿಡ್ನಿ ಗಡ್ಡೆ ಮಾತ್ರ ರಕ್ತಕ್ಕೆ ಡಿಎನ್ಎ ಚೆಲ್ಲುವುದು ಬಹಳ ಕಡಿಮೆ. ಹಾಗಾಗಿ ಪರೀಕ್ಷೆ ಪಾಸಿಟಿವ್ ಬಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು, ನೆಗೆಟಿವ್ ಬಂದರೆ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಇನ್ನು ಸಿಆರ್‌ಪಿಯಂಥ ಸಾಮಾನ್ಯ ರಕ್ತಪರೀಕ್ಷೆ, ದೇಹದಲ್ಲಿ ಉರಿಯೂತ ಇದೆಯಾ ಅಂತ ತೋರಿಸುವಂಥದ್ದು. ಅದು ಜಾಸ್ತಿ ಇದ್ದವರಲ್ಲಿ ಫಲಿತಾಂಶ ಕೆಟ್ಟದಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಒಂದು ಜ್ವರ ಬಂದರೂ ಸಿಆರ್‌ಪಿ ಏರುತ್ತದಲ್ಲ.

ಈಗ ನಮ್ಮ 5 ಅಂಕದ ವ್ಯಕ್ತಿಯ ಹತ್ತಿರ ವಾಪಸ್ ಹೋಗೋಣ. ಟಿ2, ಗ್ರೇಡ್ 3, ನೂರಕ್ಕೆ 26ರ ಅಪಾಯದ ಗುಂಪು. ಪೆಂಬ್ರೊಲಿಜುಮ್ಯಾಬ್ ಪ್ರಯೋಗಕ್ಕೆ ಇವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಟಿ2 ಹಂತದವರಿಗೆ ಗ್ರೇಡ್ 4 ಆಗಿರಬೇಕು, ಅಥವಾ ಸಾರ್ಕೊಮ್ಯಾಟಾಯ್ಡ್ ಎಂಬ ಉಗ್ರ ಲಕ್ಷಣ ಇರಬೇಕು ಎಂಬ ನಿಯಮ ಇತ್ತು. ಇನ್ನೊಬ್ಬರ ಗಡ್ಡೆ ಚಿಕ್ಕದು, ಗ್ರೇಡ್ 2, ಸತ್ತ ಭಾಗ ಇಲ್ಲ, ಆದರೆ ಕಿಡ್ನಿಯ ಸುತ್ತಲಿನ ಕೊಬ್ಬಿಗೆ ಸ್ವಲ್ಪ ತಾಗಿದೆ ಅಂತಿಟ್ಟುಕೊಳ್ಳಿ. ಅದು ಟಿ3. ಅವರ ಲೀಬೋವಿಚ್ ಸ್ಕೋರ್ 4. ಪ್ರಯೋಗಕ್ಕೆ ಅವರು ಅರ್ಹರು, ಟಿ3 ಆದರೆ ಯಾವ ಗ್ರೇಡ್ ಆದರೂ ಸರಿ. ಅಂದರೆ 4 ಅಂಕದವರು ಔಷಧದ ಸಾಲಿನ ಒಳಗೆ, 5 ಅಂಕದವರು ಹೊರಗೆ. ಯಾರದೂ ತಪ್ಪಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಕೈಯಲ್ಲಿ ಇದ್ದದ್ದು ಈ ಅಳತೆಗೋಲೇ.

ಯುರೋಪಿನ ಮೂತ್ರಾಂಗ ತಜ್ಞರ ಸಂಘದ ಮಾರ್ಗಸೂಚಿ ಈವರೆಗೆ ಯಾವ ಅಣುಮಟ್ಟದ ಗುರುತನ್ನೂ ದಿನನಿತ್ಯದ ಬಳಕೆಗೆ ಶಿಫಾರಸು ಮಾಡಿಲ್ಲ. ಹಾಗಾಗಿ ಇವತ್ತು ಈ ಇಬ್ಬರ ವಿಷಯವೂ ರಿಪೋರ್ಟಿನ ಹಂತ, ಗ್ರೇಡ್, ಸ್ಕೋರ್ ಮೇಲೆಯೇ ನಿಂತಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ ಆ ರಿಪೋರ್ಟಿನ ಒಂದು ಪ್ರತಿಯನ್ನು ಜೋಪಾನವಾಗಿಡಿ. ಸ್ಕೋರ್ ಎಷ್ಟು, ಔಷಧದ ಸಾಲಿನಲ್ಲಿ ಬರುತ್ತಾರಾ, ಬಂದರೆ ಲಾಭ ಎಷ್ಟು, ತೊಂದರೆ ಏನು ಅಂತ ಡಾಕ್ಟರ್ ಹತ್ತಿರ ಸಂಕೋಚವಿಲ್ಲದೆ ಕೇಳಿ. ಸ್ಕ್ಯಾನ್ ತಾರೀಖು ತಪ್ಪಿಸಬೇಡಿ. ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ, ಆದರೆ ಐದು ವರ್ಷ ದಾಟಿದ ಮೇಲೆ, ಅಪರೂಪಕ್ಕೆ ಹತ್ತು ವರ್ಷ ಆದ ಮೇಲೂ ಬಂದದ್ದುಂಟು.

ಯಾರಾದರೂ ಪ್ರಯೋಗವೊಂದಕ್ಕೆ ರಕ್ತ ಕೊಡುತ್ತೀರಾ ಅಂತ ಕೇಳಿದರೆ ಒಂದು ಮಾತು ನೆನಪಿರಲಿ. ಇಮೋಷನ್-010ರಲ್ಲಿ ಸೇರಿದ್ದವರು ಕೊಟ್ಟ ರಕ್ತದ ಕೆಲವು ಹನಿ, ಔಷಧ ಸೋತಿತು ಅಂದ ಮೇಲೂ ಫ್ರೀಜರಿನಲ್ಲಿ ಇತ್ತು. ಕಿಮ್-1 ಬಗ್ಗೆ ನಾನು ಮೇಲೆ ಬರೆದ ಅರ್ಧ ಸಂಗತಿಗಳು ತಿಳಿದದ್ದು ಆ ಹನಿಗಳಿಂದಲೇ.